ಪಕ್ಷ ಬಿಟ್ಟವರಿಗೆ ಕ್ಷೇತ್ರದ ಎನ್.ಓ.ಸಿ. ಬೇಡವೆ?

ನಮ್ಮ ಕಚೇರಿಗಳಲ್ಲಿ ಒಂದು ಪದ್ಧತಿಯುಂಟು. ಗುಮಾಸ್ತನೊಬ್ಬ ತಾನಿರುವ ಇಲಾಖೆಯನ್ನು ಬಿಟ್ಟು ಇನ್ನೊಂದಕ್ಕೆ ಹೋಗಬೇಕೆಂದರೆ ಅವನ ಅರ್ಜಿ ಮೇಲಧಿಕಾರಿಗಳ ಕೈಯಿಂದಲೇ ಹೋಗಬೇಕು. ಇಲಾಖೆ ತನ್ನ ಅಭ್ಯಂತರವಿಲ್ಲವೆಂದು ಎನ್.ಓ.ಸಿ. ಕೊಡಬೇಕು. ಆಮೇಲೆ ಅವನು 'ಟೆಕ್ನಿಕಲ್ ರಾಜೀನಾಮೆ' ಎಂಬುದನ್ನು ಬರೆದುಕೊಟ್ಟು ಹೊರಡಬೇಕು. ಇಷ್ಟೂ ನಡೆದರೆ ಹಿಂದಿನ ಸೇವೆ ಲೆಕ್ಕಕ್ಕೆ ಬರುತ್ತದೆ. ಅವಸರಪಟ್ಟು ಸುಮ್ಮನೆ ರಾಜೀನಾಮೆ ಬಿಸಾಕಿ ಹೋದರೆ ಅಷ್ಟು ವರ್ಷಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಸುಮಾರು ಹದಿನೈದು ವರ್ಷಗಳ ಹಿಂದೆ ನಾವೂ ಇನ್ನೊಂದು ಇಲಾಖೆಯ ಪರೀಕ್ಷೆಯಲ್ಲಿ ಪಾಸಾಗಿದ್ದೆವು. ಅರ್ಜಿ ಸರಿಯಾದ ದಾರಿಯಲ್ಲಿ ಹೋಗಿರಲಿಲ್ಲವೆಂಬ ಒಂದೇ ಕಾರಣಕ್ಕೆ ಎನ್.ಓ.ಸಿ. ಸಿಕ್ಕಲಿಲ್ಲ. ಗಡುವು ಮುಗಿಯಿತು. ಅದೇ ಮೇಜು, ಅದೇ ಕರಕರ ಎನ್ನುವ ಪಂಖ. ಇಂದಿಗೂ ಅಲ್ಲೇ ಇದ್ದೇವೆ. ಆಗ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ನಿಯಮದಲ್ಲಿ ತಪ್ಪೇನೂ ಕಾಣುವುದಿಲ್ಲ. ನಮ್ಮನ್ನು ಒಂದು ಕೆಲಸಕ್ಕೆಂದು ತೆಗೆದುಕೊಂಡವರಿಗೆ ಹೇಳದೆ ಹೋಗಬಾರದು, ಅಷ್ಟೆ.

ಶಾಸಕರ ವಿಷಯಕ್ಕೆ ಬಂದಾಗ ಈ ಸಣ್ಣ ನಿಯಮ ಯಾಕೆ ಮಾಯವಾಗುತ್ತದೆ? ಸಂಘದ ವಾಚನಾಲಯದಲ್ಲಿ ಭಾನುವಾರದ ಹರಟೆಯಲ್ಲಿ ಈ ಪ್ರಶ್ನೆ ಎದ್ದು, ದನಿಗಳು ಏರಿ, ಕೊನೆಗೆ ಹಿರಿಯರೊಬ್ಬರು, "ರಾಯರೇ, ಕಾಯಿದೆಯನ್ನೇ ಓದದೆ ಯಾಕೆ ಕೂಗಾಡ್ತೀರಿ?" ಎಂದು ನಮ್ಮ ಬಾಯಿ ಮುಚ್ಚಿಸಿದರು. ಅವರ ಮಾತಿಗೆ ತಲೆಬಾಗಿ ಸಂವಿಧಾನದ ಹತ್ತನೆಯ ಅನುಸೂಚಿಯನ್ನು ಕುಳಿತು ಓದಿದೆವು. ಈ ಲೇಖನ ಆ ಓದಿನ ಫಲ. ಒಂದು ಮಾತು ಮೊದಲೇ ಹೇಳಿಬಿಡಬೇಕು. ನಾವು ಸರಕಾರಿ ನೌಕರರು. 1964ರ ನಡತೆ ನಿಯಮಗಳು ನಮ್ಮ ಬೆನ್ನ ಹಿಂದೆಯೇ ನಿಂತಿವೆ. ಆದ್ದರಿಂದ ಇಲ್ಲಿ ಯಾವ ಪಕ್ಷದ ಪರವೂ ಇಲ್ಲ, ವಿರೋಧವೂ ಇಲ್ಲ. ಉದಾಹರಣೆಗಳಲ್ಲಿ ಒಂದು ಪಕ್ಷದ ಹೆಸರು ಹೆಚ್ಚಾಗಿ ಬಂದರೆ ಅದು ಇತ್ತೀಚಿನ ಇತಿಹಾಸದ ತಪ್ಪೇ ಹೊರತು ನಮ್ಮದಲ್ಲ.

ಕತೆ ಎಲ್ಲರಿಗೂ ಗೊತ್ತಿರುವುದೇ. 1967ರ ಚುನಾವಣೆಯಲ್ಲಿ ಹರಿಯಾಣದ ಹಸನಪುರದಿಂದ ಪಕ್ಷೇತರರಾಗಿ ಗೆದ್ದ ಗಯಾಲಾಲ್ ಎಂಬವರು ಹದಿನೈದು ದಿನಗಳೊಳಗೆ ಮೂರು ಸಲ ಪಕ್ಷ ಬದಲಿಸಿದರು. ಹಿಂದಿಯ 'ಆಯಾರಾಮ್ ಗಯಾರಾಮ್' ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಎಲ್ಲರೂ ನಗುವುದು ಆ ಒಬ್ಬರನ್ನು ನೋಡಿ. ನಗಲಾಗದಂಥ ಅಂಕಿ ಇನ್ನೊಂದಿದೆ. ಈ ಪಿಡುಗನ್ನು ಪರಿಶೀಲಿಸಲು ವೈ. ಬಿ. ಚವಾಣರ ಅಧ್ಯಕ್ಷತೆಯಲ್ಲಿ ಕೂತ ಸಮಿತಿ ಆಗಿನ ಕೆಲವು ರಾಜ್ಯಗಳ 210 ಮಂದಿ ಪಕ್ಷಾಂತರಿ ಶಾಸಕರ ಲೆಕ್ಕ ತೆಗೆಯಿತು. ಅವರಲ್ಲಿ 116 ಮಂದಿ, ತಮ್ಮ ಪಕ್ಷಾಂತರದಿಂದಲೇ ಎದ್ದುನಿಂತ ಸರಕಾರಗಳಲ್ಲಿ ಮಂತ್ರಿಗಳಾಗಿದ್ದರು! ಅರ್ಧಕ್ಕಿಂತ ಹೆಚ್ಚು. ಮನಸ್ಸು ಬದಲಾದದ್ದು ತತ್ವಕ್ಕೋ ತಖ್ತಕ್ಕೋ ಎಂದು ಕೇಳಲು ಬೇರೆ ಸಾಕ್ಷಿ ಬೇಕಾಗಿಲ್ಲ. 1973ರಲ್ಲಿ ಒಂದು, 1978ರಲ್ಲಿ ಇನ್ನೊಂದು ಮಸೂದೆ ಹೊರಟು ದಡ ಮುಟ್ಟಲಿಲ್ಲ. ಕೊನೆಗೆ ರಾಜೀವ ಗಾಂಧಿಯವರ ಕಾಲದಲ್ಲಿ, 1985ರಲ್ಲಿ, 52ನೆಯ ತಿದ್ದುಪಡಿಯಾಗಿ ಹತ್ತನೆಯ ಅನುಸೂಚಿ ಬಂತು.

ಅದನ್ನು ನಾವು ಕಚೇರಿಯ ಸುತ್ತೋಲೆ ಓದುವಂತೆ, ಬೆರಳಿಟ್ಟು, ಒಂದೊಂದು ಶಬ್ದವಾಗಿ ಓದಿದೆವು. ಚುನಾಯಿತ ಸದಸ್ಯ ತನ್ನನ್ನು ಹುರಿಯಾಳಾಗಿ ನಿಲ್ಲಿಸಿದ ಪಕ್ಷಕ್ಕೆ ಸೇರಿದವನೆಂದು ತಿಳಿಯತಕ್ಕದ್ದು; ಆ ಪಕ್ಷದ ಸದಸ್ಯತ್ವವನ್ನು ಸ್ವಇಚ್ಛೆಯಿಂದ ಬಿಟ್ಟರೆ ಅನರ್ಹ; ಪಕ್ಷದ ಆಜ್ಞೆಗೆ ವಿರುದ್ಧವಾಗಿ ಮತ ಹಾಕಿದರೆ ಅನರ್ಹ; ತೀರ್ಪು ಸಭಾಧ್ಯಕ್ಷರದು. ಮೊದಲಿಂದ ಕೊನೆಯ ವರೆಗೆ ಎರಡು ಸಲ ಓದಿದರೂ ನಾವು ಹುಡುಕುತ್ತಿದ್ದ ಒಂದು ಶಬ್ದ ಸಿಕ್ಕಲಿಲ್ಲ. ಆ ಶಬ್ದ 'ಮತದಾರ'. ಪಕ್ಷವಿದೆ, ಸದಸ್ಯನಿದ್ದಾನೆ, ಸಭಾಧ್ಯಕ್ಷರಿದ್ದಾರೆ; ಈ ಮೂವರ ನಡುವೆಯೇ ಎಲ್ಲ ವ್ಯವಹಾರ. ಬಿಸಿಲಲ್ಲಿ ಸಾಲು ನಿಂತು ಅವನನ್ನು ಕಳಿಸಿದವರು ಮದುವೆಯ ಮನೆಯ ಹೊರಗೆ ಚಪ್ಪಲಿ ಕಾಯುವವರಂತೆ ಹೊರಗೇ ಉಳಿದಿದ್ದಾರೆ.

ಇದು ಬರೀ ಶಬ್ದದ ಕೊರತೆಯಲ್ಲ. ಈ ಅನುಸೂಚಿಯಲ್ಲಿ ನಮಗೆ ಕಾಣುವ ದೋಷಗಳೆಲ್ಲ ಇಲ್ಲಿಂದಲೇ ಹುಟ್ಟಿವೆ. ಪಕ್ಷಾಂತರವೆಂದರೆ ಪಕ್ಷಕ್ಕೆ ಮಾಡಿದ ದ್ರೋಹ ಎಂದು ಕಾಯಿದೆ ತಿಳಿದಿದೆ. ಹಾಗೆ ತಿಳಿದುದರಿಂದ ಪಕ್ಷದ ಬಹುಪಾಲು ಜನ ಒಟ್ಟಿಗೆ ಹೋದರೆ ದ್ರೋಹವೇ ಇಲ್ಲ ಎಂಬ ತರ್ಕ ಸಹಜವಾಗಿ ಬಂತು. ಮೊದಲು ಮೂರನೆಯ ಒಂದು ಭಾಗ ಸೀಳಿಹೋದರೆ ರಕ್ಷಣೆಯಿತ್ತು. 2003ರ 91ನೆಯ ತಿದ್ದುಪಡಿ ಅದನ್ನು ತೆಗೆದುಹಾಕಿತು. ಆದರೆ ಮೂರನೆಯ ಎರಡು ಭಾಗ 'ವಿಲೀನ'ವಾದರೆ ಇಂದಿಗೂ ಬಾಧಕವಿಲ್ಲ. ಚಿಲ್ಲರೆ ವ್ಯಾಪಾರಕ್ಕೆ ದಂಡ, ಸಗಟು ವ್ಯಾಪಾರಕ್ಕೆ ರಿಯಾಯಿತಿ ಎಂದು ಹಿಂದಿನವರು ಹೇಳಿದ್ದು ಹಾಸ್ಯಕ್ಕಲ್ಲ. ನಮ್ಮ ನೆರೆಯ ಗೋವೆಯಲ್ಲಿ 2019ರ ಜುಲೈಯಲ್ಲಿ ಕಾಂಗ್ರೆಸ್ಸಿನ 15 ಶಾಸಕರಲ್ಲಿ 10 ಮಂದಿ ಬಿ.ಜೆ.ಪಿ.ಯಲ್ಲಿ ವಿಲೀನರಾದರು. ಅದರ ನೆನಪಿನಿಂದಲೇ 2022ರ ಚುನಾವಣೆಗೆ ಮುಂಚೆ ಆ ಪಕ್ಷದ ಹುರಿಯಾಳುಗಳನ್ನು ದೇವಸ್ಥಾನ, ಇಗರ್ಜಿ, ದರ್ಗಾ ಮೂರೂ ಕಡೆ ಕರೆದೊಯ್ದು ಪಕ್ಷ ಬಿಡುವುದಿಲ್ಲವೆಂದು ಆಣೆ ಮಾಡಿಸಿದರು. ಗೆದ್ದವರು 11, ಅದೇ ಸೆಪ್ಟೆಂಬರಿನಲ್ಲಿ ಹೋದವರು 8. ಮೂರು ದೇವರಿಗೂ ಆಗದ ಕೆಲಸವನ್ನು ಕಾಯಿದೆಯ ಅಂಕಗಣಿತವೂ ಮಾಡಲಿಲ್ಲ. ರಾಜಸ್ಥಾನದಲ್ಲಿ 2019ರಲ್ಲಿ ಬಿ.ಎಸ್.ಪಿ.ಯ ಆರಕ್ಕೆ ಆರೂ ಶಾಸಕರು ಕಾಂಗ್ರೆಸ್ಸನ್ನು ಸೇರಿದರು. ಅಲ್ಲೂ ಯಾರೂ ಜನರ ಮುಂದೆ ಹೋಗಬೇಕಾಗಲಿಲ್ಲ.

ಮುಂಬಯಿಯ ನಮಗಂತೂ ಇದು ಓದಿ ತಿಳಿದ ಸಂಗತಿಯಲ್ಲ. 2019ರ ಅಕ್ಟೋಬರಿನಲ್ಲಿ ನಮ್ಮ ತಾಯಿಯವರನ್ನು ತೋಳು ಹಿಡಿದು ಮತಗಟ್ಟೆಗೆ ಕರೆದುಕೊಂಡು ಹೋಗಿದ್ದೆವು. ಧಾರವಾಡದ ಕಡೆಯಿಂದ ಬಂದು ಈ ಊರಿನಲ್ಲಿ ಮತದಾರರಾಗಿ ಎಷ್ಟೋ ಚುನಾವಣೆ ಕಂಡವರು; ಯಾರಿಗೆ ಹಾಕಿದಿರಿ ಎಂದು ಕೇಳಿದರೆ, "ಅದನ್ನ ಹೇಳಬಾರದು" ಎಂದು ಗದರುವವರು. 2022ರ ಜೂನ್ ತಿಂಗಳಲ್ಲಿ ಶಿವಸೇನೆಯ ಶಾಸಕರು ಸೂರತ್ತಿಗೆ, ಅಲ್ಲಿಂದ ಗುವಾಹಟಿಗೆ ಹೋದುದನ್ನು ಟಿ.ವಿ.ಯಲ್ಲಿ ದಿನವಿಡೀ ತೋರಿಸುತ್ತಿದ್ದಾಗ ಅವರು ನಮ್ಮನ್ನು ಕೇಳಿದರು: "ಅಲ್ಲೋ, ನಾ ಹಾಕಿದ ಓಟು ಈಗ ಯಾರ ಕಡೆ ಅದ?" ಬಿ.ಎಸ್ಸಿ. ಓದಿ ಕಡತದ ನಡುವೆಯೇ ಬದುಕಿದ ನಮಗೆ ಉತ್ತರ ಹೊಳೆಯಲಿಲ್ಲ. ಇಲ್ಲಿ ವಿಲೀನದ ವಾದವೂ ಇರಲಿಲ್ಲ; ನಾವೇ ನಿಜವಾದ ಪಕ್ಷ ಎಂಬುದು ವಾದ. ಮರುವರ್ಷದ ಜುಲೈಯಲ್ಲಿ ರಾಷ್ಟ್ರವಾದಿ ಕಾಂಗ್ರೆಸ್ಸಿನಲ್ಲಿಯೂ ಅದೇ ನಡೆಯಿತು. ಸೇನೆಯ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 2023ರ ಮೇ 11ರಂದು ಸಭಾಧ್ಯಕ್ಷರಿಗೇ ಮರಳಿ, 2024ರ ಜನವರಿ 10ರಂದು ಅವರು ಎರಡು ಬಣಗಳಲ್ಲಿ ಯಾರನ್ನೂ ಅನರ್ಹಗೊಳಿಸದೆ ತೀರ್ಪು ಕೊಟ್ಟರು. ಯಾವ ಬಣ ಸರಿ ಎಂಬುದು ನಮ್ಮ ಪ್ರಶ್ನೆಯಲ್ಲ. 2024ರ ನವೆಂಬರ್ 20ರ ಮತದಾನದ ವರೆಗೆ, ಅಂದರೆ ಎರಡು ವರ್ಷ ಐದು ತಿಂಗಳ ಕಾಲ, ಆ ಪ್ರಶ್ನೆಯನ್ನು ಮತದಾರರಿಗೆ ಯಾರೂ ಕೇಳಲಿಲ್ಲ. ಕೇಳಿದಾಗ ಜನ ಶಿಂದೆಯವರ ಸೇನೆಗೆ 57, ಠಾಕ್ರೆಯವರ ಸೇನೆಗೆ 20 ಸ್ಥಾನ ಕೊಟ್ಟರು. ಅಂದರೆ ಹೋದವರು ಜನರಿಗೆ ಹೆದರಬೇಕಾಗಿಯೂ ಇರಲಿಲ್ಲವೇನೋ. ಆದರೆ ಆ ದಿನ ಮತಗಟ್ಟೆಗೆ ಕರೆದೊಯ್ಯಲು ನಮ್ಮ ತಾಯಿಯವರು ಇರಲಿಲ್ಲ.

ಮರುಚುನಾವಣೆ ಮಾಡಿದರೆ ಏನಾಗುತ್ತದೆ ಎಂದು ಊಹಿಸುತ್ತ ಕೂರಬೇಕಾಗಿಲ್ಲ. ನಮ್ಮ ಕರ್ನಾಟಕ ಅದಕ್ಕೆ ಪ್ರಯೋಗಶಾಲೆಯೇ ಆಗಿದೆ. 2008ರಲ್ಲಿ ಬಿ.ಜೆ.ಪಿ.ಗೆ 224ರಲ್ಲಿ 110 ಬಂದು ಬಹುಮತಕ್ಕೆ ಸ್ವಲ್ಪದರಲ್ಲಿ ತಪ್ಪಿದಾಗ ವಿರೋಧ ಪಕ್ಷದ ಶಾಸಕರು ರಾಜೀನಾಮೆ ಕೊಟ್ಟು ಬಂದು ಕಮಲದ ಚಿಹ್ನೆಯಡಿ ಮತ್ತೆ ಜನರ ಮುಂದೆ ನಿಲ್ಲುವ ಉಪಾಯ ಹೊರಟಿತು. ಅದಕ್ಕೆ 'ಆಪರೇಷನ್ ಕಮಲ' ಎಂಬ ಹೆಸರು ಬಂದು ಈಗ ಇಡೀ ದೇಶದ ಮಾತಾಗಿದೆ. ಆ ಡಿಸೆಂಬರಿನಲ್ಲಿ ಎಂಟು ಕಡೆ ಉಪಚುನಾವಣೆ ನಡೆದು ಐದು ಬಿ.ಜೆ.ಪಿ.ಗೆ, ಮೂರು ಜನತಾದಳಕ್ಕೆ ಹೋದವು. 2019ರದು ಇನ್ನೂ ದೊಡ್ಡ ಪ್ರಯೋಗ. 17 ಶಾಸಕರ ನಡೆಯಿಂದ ಸಮ್ಮಿಶ್ರ ಸರಕಾರ ಜುಲೈ 23ರಂದು 99ಕ್ಕೆ 105 ಮತಗಳಿಂದ ಬಿತ್ತು. ಸಭಾಧ್ಯಕ್ಷ ರಮೇಶಕುಮಾರರು 17 ಮಂದಿಯನ್ನೂ ವಿಧಾನಸಭೆಯ ಅವಧಿ ಮುಗಿಯುವ ತನಕ ಅನರ್ಹರೆಂದರು. ಸುಪ್ರೀಂ ಕೋರ್ಟು ನವೆಂಬರ್ 13ರಂದು ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಚುನಾವಣೆಗೆ ನಿಲ್ಲದಂತೆ ತಡೆಯುವ ಅಧಿಕಾರ ಸಭಾಧ್ಯಕ್ಷರಿಗಿಲ್ಲವೆಂದಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಮತದಾನವಾಯಿತು. ಪಕ್ಷ ಬಿಟ್ಟು ಬಂದು ನಿಂತವರು 13 ಮಂದಿ, ಗೆದ್ದವರು 11. ಫೆಬ್ರವರಿ 6ರಂದು ಅವರಲ್ಲಿ ಹತ್ತು ಮಂದಿ ಮಂತ್ರಿಗಳಾದರು.

ವಾಚನಾಲಯದಲ್ಲಿ ನಮ್ಮ ಎದುರಾಳಿಗಳು ಬತ್ತಳಿಕೆಯಿಂದ ತೆಗೆದದ್ದು ಇದೇ ಬಾಣ. "ನೋಡಿದಿರಾ? ಜನವೇ ಮತ್ತೆ ಗೆಲ್ಲಿಸಿದರು. ನಿಮ್ಮ ಮರುಚುನಾವಣೆಯಿಂದ ಏನು ಉಪಯೋಗ, ಖರ್ಚು ಬಿಟ್ಟರೆ?" ಪಕ್ಷಾಂತರಿ ಸೋಲಲೇಬೇಕೆಂದು ಬಯಸುವವರಿಗೆ ಈ ಬಾಣ ನಾಟಬಹುದು. ನಾವು ಹಾಗೆ ಬಯಸಿದವರಲ್ಲ. ಎನ್.ಓ.ಸಿ. ಕೇಳು ಎಂದರೆ ಸಿಗಬಾರದು ಎಂದರ್ಥವೆ? ಯಲ್ಲಾಪುರದವರೋ ಗೋಕಾಕದವರೋ ತಮ್ಮ ಶಾಸಕರ ಹೊಸ ಪಕ್ಷವನ್ನು ನೋಡಿಯೇ ಮತ ಕೊಟ್ಟ ಮೇಲೆ ಮುಂಬಯಿಯಲ್ಲಿ ಕುಳಿತ ನಾವು ಮೂಗು ಮುರಿಯುವ ಕಾರಣವಿಲ್ಲ. ಯಂತ್ರದ ಮೇಲೆ ಹೆಸರೂ ಇರುತ್ತದೆ, ಚಿಹ್ನೆಯೂ ಇರುತ್ತದೆ. ಒತ್ತಿದ್ದು ಹೆಸರನ್ನು ನೋಡಿಯೋ ಚಿಹ್ನೆಯನ್ನು ನೋಡಿಯೋ ಒತ್ತಿದವರೇ ಹೇಳಬೇಕು. ಜನ ನನ್ನನ್ನು ನೋಡಿ ಮತ ಕೊಟ್ಟರು, ಪಕ್ಷವನ್ನಲ್ಲ ಎನ್ನುವ ಶಾಸಕರು ಕೇಳಲು ಯಾಕೆ ಅಂಜಬೇಕು?

ಆದರೆ ಪ್ರಯೋಗದ ವಿಷಯದಲ್ಲಿ ಒಂದು ಮಾತು. ಕಾಲೇಜಿನಲ್ಲಿ ನಮ್ಮ ಮೇಷ್ಟರು ತಕ್ಕಡಿಯ ಮುಂದೆ ನಿಂತಾಗ ಮೊದಲು ನೋಡುತ್ತಿದ್ದುದು ತೂಕವನ್ನಲ್ಲ, ನಮ್ಮ ಹೆಬ್ಬೆರಳು ಎಲ್ಲಿದೆ ಎಂಬುದನ್ನು. 2019ರ ಡಿಸೆಂಬರಿನಲ್ಲಿ ರಾಜ್ಯ ಸರಕಾರ ಉಳಿಯಲು ಕನಿಷ್ಠ ಆರು ಸ್ಥಾನ ಬೇಕಾಗಿದ್ದವು. ಗೆಲ್ಲಿಸಿದರೆ ನಿಮ್ಮ ತಾಲೂಕಿಗೆ ಮಂತ್ರಿ ಎಂಬ ಮಾತು ಹಳ್ಳಿಹಳ್ಳಿಗೂ ಮುಟ್ಟಿತ್ತು. ಇದು ಹೆಬ್ಬೆರಳಲ್ಲದೆ ಮತ್ತೇನು? ಇಷ್ಟಾದರೂ ಅಲ್ಲಿ ಒಂದು ಮರ್ಯಾದೆ ಉಳಿದಿತ್ತೆನ್ನಬೇಕು. 91ನೆಯ ತಿದ್ದುಪಡಿಯ ಪ್ರಕಾರ ಅನರ್ಹನಾದವನು ಮತ್ತೆ ಚುನಾಯಿತನಾಗುವ ತನಕ ಮಂತ್ರಿಯಾಗುವಂತಿಲ್ಲ. ಆದ್ದರಿಂದ ಮೊದಲು ಮತ, ಆಮೇಲೆ ಪದವಿ. ಮಧ್ಯಪ್ರದೇಶದಲ್ಲಿ 2020ರಲ್ಲಿ ಇದು ತಲೆಕೆಳಗಾಯಿತು. ಅಲ್ಲಿ 22 ಕಾಂಗ್ರೆಸ್ ಶಾಸಕರ ರಾಜೀನಾಮೆಗಳು ಅಂಗೀಕಾರವಾದುವು, ಅನರ್ಹತೆಯ ಮಾತೇ ಬರಲಿಲ್ಲ. ಹಾಗಾಗಿ ಅವರಲ್ಲಿ ಹಲವರು ಶಾಸಕರೇ ಅಲ್ಲದೆ ಮಂತ್ರಿಗಳಾದರು, ಕೆಂಪು ದೀಪ ಹೋಗಿದ್ದರೂ ಕಾರು, ಕಚೇರಿ, ಅಧಿಕಾರಿಗಳು ಎಲ್ಲ ಇಟ್ಟುಕೊಂಡು ನವೆಂಬರಿನಲ್ಲಿ ಮತ ಕೇಳಿದರು. ರಾಜೀನಾಮೆ ಕೊಟ್ಟವನಿಗೂ ಪಕ್ಷ ಬಿಟ್ಟು ಸಿಕ್ಕಿಬಿದ್ದವನಿಗೂ ಈ ಭೇದ ಯಾಕಿರಬೇಕೆಂದು ನಮಗೆ ತಿಳಿಯಲಿಲ್ಲ. ಇಬ್ಬರೂ ಒಂದೇ ಮನೆಗೆ ಹೊರಟವರು, ದಾರಿ ಬೇರೆ.

ಕರ್ನಾಟಕದ ಆ ಮರ್ಯಾದೆಯೂ ಬಹಳ ದಿನ ಉಳಿಯಲಿಲ್ಲ. ಹೊಸಕೋಟೆಯಲ್ಲಿ ಎಂ.ಟಿ.ಬಿ. ನಾಗರಾಜರು, ಹುಣಸೂರಿನಲ್ಲಿ ಎ. ಎಚ್. ವಿಶ್ವನಾಥರು ಸೋತರು. ಜನ ಎನ್.ಓ.ಸಿ. ಕೊಡಲಿಲ್ಲ. ರಾಣೆಬೆನ್ನೂರಿನ ಆರ್. ಶಂಕರರಿಗೆ ಟಿಕೆಟ್ಟೇ ಸಿಕ್ಕಿರಲಿಲ್ಲ. ಎಂಟು ತಿಂಗಳು ಕಳೆಯುವಷ್ಟರಲ್ಲಿ ನಾಗರಾಜರೂ ಶಂಕರರೂ ಶಾಸಕರ ಮತದಿಂದ ವಿಧಾನ ಪರಿಷತ್ತಿಗೆ ಬಂದರು, ವಿಶ್ವನಾಥರು ನಾಮಕರಣಗೊಂಡರು. ಮಂತ್ರಿಯಾಗಲು ಅಡ್ಡಿಯುಂಟೆ ಎಂಬ ಪ್ರಶ್ನೆ ಹೈಕೋರ್ಟಿಗೆ ಹೋದಾಗ 2020ರ ನವೆಂಬರ್ 30ರಂದು ಬಂದ ಆದೇಶ ಓದುವಂಥದು. ನಾಮಕರಣವೆಂದರೆ ಚುನಾವಣೆಯಲ್ಲ, ಆದ್ದರಿಂದ ವಿಶ್ವನಾಥರಿಗೆ ಅಡ್ಡಿಯುಂಟು. ಉಳಿದಿಬ್ಬರು 'ಚುನಾಯಿತ'ರು, ಅವರಿಗಿಲ್ಲ. ಜನವರಿ 13ರಂದು ಆ ಇಬ್ಬರೂ ಪ್ರಮಾಣವಚನ ಸ್ವೀಕರಿಸಿದರು. ನ್ಯಾಯಾಲಯವನ್ನು ದೂರುವಂತಿಲ್ಲ. 'ಎರಡು ಸದನಗಳಲ್ಲಿ ಯಾವುದಕ್ಕಾದರೂ' ಚುನಾಯಿತನಾದರೆ ಸಾಕೆಂದು 164ನೆಯ ವಿಧಿಯೇ ಹೇಳುತ್ತದೆ. ಹೊಸಕೋಟೆಯ ಜನ ಮುಂಬಾಗಿಲಲ್ಲಿ ಬೇಡವೆಂದವರನ್ನು ಹಿತ್ತಲಿನಿಂದ ಒಳಗೆ ಕರೆಯುವಷ್ಟು ಅಗಲ ಆ ಮೂರು ಶಬ್ದಗಳಲ್ಲಿದೆ.

'ತಕ್ಷಣ' ಎಂಬುದರ ಬಗ್ಗೆಯೂ ಮಸ್ಕಿಯವರನ್ನು ಕೇಳಬೇಕು. 2018ರಲ್ಲಿ ಪ್ರತಾಪಗೌಡ ಪಾಟೀಲರು ಕಾಂಗ್ರೆಸ್ಸಿನಿಂದ ಕೇವಲ 213 ಮತಗಳ ಅಂತರದಲ್ಲಿ ಗೆದ್ದಿದ್ದರು. 17 ಮಂದಿಯಲ್ಲಿ ಅವರೂ ಒಬ್ಬರು. ಹಳೆಯ ಚುನಾವಣೆಯ ತಕರಾರು ಕೋರ್ಟಿನಲ್ಲಿದ್ದುದರಿಂದ ಅಲ್ಲಿ ಮತದಾನ ನಡೆದದ್ದು 2021ರ ಏಪ್ರಿಲಿನಲ್ಲಿ. ಸ್ಥಾನ ಖಾಲಿಯಾದರೆ ಆರು ತಿಂಗಳೊಳಗೆ ಉಪಚುನಾವಣೆ ಆಗಬೇಕೆಂಬುದು ಸಾಮಾನ್ಯ ನಿಯಮ. ಮಸ್ಕಿಗೆ ಇಪ್ಪತ್ತು ತಿಂಗಳು ಶಾಸಕರೇ ಇರಲಿಲ್ಲ. ಬಿ.ಜೆ.ಪಿ.ಯಿಂದ ನಿಂತ ಪಾಟೀಲರು ಈ ಸಲ 30 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಗೆದ್ದವರು ಯಾರೆಂದುಕೊಂಡಿರಿ? ಹಿಂದಿನ ಸಲ ಬಿ.ಜೆ.ಪಿ.ಯಿಂದ ನಿಂತು 213 ಮತಗಳಿಂದ ಸೋತಿದ್ದ ಬಸನಗೌಡ ತುರವಿಹಾಳರು, ಈಗ ಕಾಂಗ್ರೆಸ್ಸಿನಿಂದ! ಇಬ್ಬರೂ ಪರಸ್ಪರ ಅಂಗಿ ಬದಲಿಸಿಕೊಂಡು ಬಂದಿದ್ದರು. ಮತದಾರರು ಮಾತ್ರ ಸರಿಯಾಗಿಯೇ ಗುರುತು ಹಿಡಿದರು.

ಹೀಗೆ ಕೇಳುವುದು ಹೊಸ ಕಲ್ಪನೆಯೂ ಅಲ್ಲ, ಕಾಯಿದೆಗಿಂತ ಹಳೆಯದು. 1948ರಲ್ಲಿ ಸಮಾಜವಾದಿಗಳು ಕಾಂಗ್ರೆಸ್ಸನ್ನು ಬಿಟ್ಟಾಗ ಆಚಾರ್ಯ ನರೇಂದ್ರ ದೇವರೂ ಅವರ ಸಂಗಡಿಗರೂ ಕಾಂಗ್ರೆಸ್ಸಿನ ಹೆಸರಿನಲ್ಲಿ ಬಂದ ಸ್ಥಾನ ತಮಗೆ ಬೇಡವೆಂದು ಉತ್ತರಪ್ರದೇಶದ ವಿಧಾನಸಭೆಗೆ ರಾಜೀನಾಮೆ ಕೊಟ್ಟು ಉಪಚುನಾವಣೆಗೆ ನಿಂತರು. ಆಚಾರ್ಯರು ಸೋತರು. 1980ರಲ್ಲಿ ಗಢವಾಲದಿಂದ ಕಾಂಗ್ರೆಸ್ (ಐ) ಪರವಾಗಿ ಗೆದ್ದಿದ್ದ ಬಹುಗುಣರು ಪಕ್ಷ ಬಿಟ್ಟಾಗ ಲೋಕಸಭೆಯ ಸ್ಥಾನವನ್ನೂ ಬಿಟ್ಟು 1982ರಲ್ಲಿ ಮತ್ತೆ ಗೆದ್ದು ಬಂದರು. ಆಗ ಯಾವ ಅನುಸೂಚಿಯೂ ಅವರ ಬೆನ್ನು ಹತ್ತಿರಲಿಲ್ಲ. ನಮ್ಮ ಬಂಗಾರಪ್ಪನವರು 2004ರಲ್ಲಿ ಬಿ.ಜೆ.ಪಿ.ಯಿಂದ ಶಿವಮೊಗ್ಗೆಯಲ್ಲಿ ಗೆದ್ದು, ಅದನ್ನು ಬಿಟ್ಟು ಸಮಾಜವಾದಿ ಪಕ್ಷಕ್ಕೆ ಹೋದಾಗ ರಾಜೀನಾಮೆ ಕೊಟ್ಟು 2005ರಲ್ಲಿ ಸೈಕಲ್ಲಿನ ಮೇಲೆ ಕುಳಿತು ಗೆದ್ದರು. ಅವರು ಬದಲಿಸಿದ ಪಕ್ಷಗಳ ಲೆಕ್ಕ ಇಡುವುದು ಕಷ್ಟ, ಆದರೆ ಆ ಸಲ ಕೇಳಿಯೇ ಹೋದರು. ರಾಮಕೃಷ್ಣ ಹೆಗಡೆಯವರದು ಪಕ್ಷಾಂತರದ ಪ್ರಸಂಗವಲ್ಲ, ಆದರೂ ನೆನೆಯಬೇಕು. 1984ರ ಲೋಕಸಭೆ ಚುನಾವಣೆಯಲ್ಲಿ ಅವರ ಜನತಾ ಪಕ್ಷಕ್ಕೆ ರಾಜ್ಯದ 28ರಲ್ಲಿ ನಾಲ್ಕೇ ಸ್ಥಾನ ಬಂದಾಗ ಇನ್ನು ಆಳುವ ಅಧಿಕಾರ ನಮಗಿಲ್ಲವೆಂದು ರಾಜೀನಾಮೆ ಕೊಟ್ಟು ಜನರ ಬಳಿಗೆ ಹೋದರು. 1985ರ ಮಾರ್ಚಿನಲ್ಲಿ ಅದೇ ಜನ 139 ಸ್ಥಾನ ಕೊಟ್ಟು ಕಳಿಸಿದರು. ಹತ್ತನೆಯ ಅನುಸೂಚಿ ಜಾರಿಗೆ ಬಂದದ್ದೂ ಅದೇ ತಿಂಗಳು.

ಇನ್ನು ಮನಸ್ಸಾಕ್ಷಿಯ ಪ್ರಶ್ನೆ. ಪಕ್ಷ ತಪ್ಪು ದಾರಿ ಹಿಡಿದರೆ ಸದಸ್ಯ ಬಾಯಿ ಮುಚ್ಚಿಕೊಂಡಿರಬೇಕೆ ಎಂದು ಕೇಳುವವರಿದ್ದಾರೆ, ಆ ಪ್ರಶ್ನೆ ನ್ಯಾಯವಾದದ್ದು. ಈಗಿನ ಕಾಯಿದೆಯಡಿ ವಿಪ್ ಬಂತೆಂದರೆ ಯಾವ ಮಸೂದೆಯ ಮೇಲೂ ಸದಸ್ಯನಿಗೆ ಸ್ವಂತ ಕೈಯಿಲ್ಲ. ಮಾರಾಟಗಾರನಿಗೆ ಕಿಂಡಿ ಬಿಟ್ಟು ಪ್ರಾಮಾಣಿಕನಿಗೆ ಬೇಡಿ ಹಾಕಿದ ಕಾಯಿದೆ ಇದು. 1990ರಲ್ಲಿಯೇ ದಿನೇಶ ಗೋಸ್ವಾಮಿ ಸಮಿತಿ, ಪಕ್ಷ ತೊರೆದವರಿಗೂ ವಿಶ್ವಾಸಮತದಂಥ ಪ್ರಸಂಗದಲ್ಲಿ ತಿರುಗಿಬಿದ್ದವರಿಗೂ ಮಾತ್ರ ಅನರ್ಹತೆ ಇರಲಿ, ತೀರ್ಮಾನವನ್ನು ಚುನಾವಣಾ ಆಯೋಗದ ಸಲಹೆಯ ಮೇರೆಗೆ ರಾಷ್ಟ್ರಪತಿಯೋ ರಾಜ್ಯಪಾಲರೋ ಮಾಡಲಿ ಎಂದಿತ್ತು. 1992ರ ಕಿಹೋತೋ ಹೊಲ್ಲೋಹನ್ ತೀರ್ಪಿನಲ್ಲಿ ಐವರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಸದನದ ಬಹುಮತದ ಮೇಲೆ ನಿಂತ ಸಭಾಧ್ಯಕ್ಷರು ಇಂಥ ತೀರ್ಪಿಗೆ ತಕ್ಕವರಲ್ಲವೆಂದರು, ಮೂವರು ಒಪ್ಪಲಿಲ್ಲ. 2010ರ ಅಕ್ಟೋಬರಿನಲ್ಲಿ ಕರ್ನಾಟಕದ ಸಭಾಧ್ಯಕ್ಷರು ವಿಶ್ವಾಸಮತಕ್ಕೆ ಮುಂಚೆ 11 ಬಿ.ಜೆ.ಪಿ. ಶಾಸಕರನ್ನೂ ಐವರು ಪಕ್ಷೇತರರನ್ನೂ ರಾತ್ರೋರಾತ್ರಿ ಎನ್ನುವಷ್ಟು ಬೇಗ ಅನರ್ಹಗೊಳಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಪಡಿಸಿತು. ಮಣಿಪುರದಲ್ಲಾದರೆ 2017ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದವರೊಬ್ಬರು ಎದುರು ಪಕ್ಷದ ಸರಕಾರದಲ್ಲಿ ಮಂತ್ರಿಯಾಗಿದ್ದರೂ ಕಡತ ಅಲ್ಲಾಡಲೇ ಇಲ್ಲ. 2020ರಲ್ಲಿ ಕೋರ್ಟು ಸಾಮಾನ್ಯವಾಗಿ ಮೂರು ತಿಂಗಳಲ್ಲಿ ತೀರ್ಮಾನಿಸಬೇಕೆಂದು ಹೇಳಬೇಕಾಯಿತು. ಒಂದೇ ಕುರ್ಚಿಗೆ ಇಷ್ಟು ವೇಗವೂ ಇಷ್ಟು ನಿಧಾನವೂ ಹೇಗೆ ಸಾಧ್ಯವೆಂದು ಕಡತ ಸಾಗಿಸುವ ನಮಗೆ ವಿವರಿಸಬೇಕಾಗಿಲ್ಲ.

ಖರ್ಚಿನ ಮಾತಿಗೆ ಹೆಚ್ಚು ಬೆಲೆ ಕೊಡಲಾರೆವು. ಸದಸ್ಯ ಸತ್ತರೆ, ಎರಡು ಕಡೆ ಗೆದ್ದು ಒಂದನ್ನು ಬಿಟ್ಟರೆ, ಆಗಲೂ ಉಪಚುನಾವಣೆ ನಡೆಯುತ್ತದೆ. ಆಗ ಯಾರೂ ಲೆಕ್ಕ ಕೇಳುವುದಿಲ್ಲ.

ಮುಂದಿನ ಭಾನುವಾರ ವಾಚನಾಲಯಕ್ಕೆ ಹೋಗುವಾಗ ಹಿರಿಯರ ಕೈಗೆ ಕೊಡಲೆಂದು ಒಂದು ಚೀಟಿ ಬರೆದಿಟ್ಟಿದ್ದೇವೆ. ಕರಡು ಬರೆಯುವುದು ನಮ್ಮ ಕಸುಬಾದ್ದರಿಂದ ಕಚೇರಿಯ ಭಾಷೆಯಲ್ಲಿಯೇ ಇದೆ: 'ಯಾವ ಸದಸ್ಯನಾಗಲಿ, ಒಬ್ಬನಾಗಲಿ ಗುಂಪಾಗಲಿ, ತನ್ನನ್ನು ನಿಲ್ಲಿಸಿದ ಪಕ್ಷವನ್ನು ಬಿಟ್ಟಲ್ಲಿ, ರಾಜೀನಾಮೆಯಿಂದ ಬಿಟ್ಟರೂ ಸರಿ, ಅವನ ಸ್ಥಾನ ಅಂದೇ ತೆರವಾಗತಕ್ಕದ್ದು. ಅವನನ್ನು ಆರಿಸಿದ ಕ್ಷೇತ್ರದ ಮತದಾರರು ಆರು ತಿಂಗಳೊಳಗೆ ಮತ್ತೆ ಮತ ಹಾಕತಕ್ಕದ್ದು. ಆ ಮತದಾರರೇ ಅವನನ್ನು ಮರಳಿ ಕಳಿಸುವ ತನಕ, ಇಲ್ಲವೆ ಆ ಸದನದ ಅವಧಿ ಮುಗಿಯುವ ತನಕ, ಅವನು ಮಂತ್ರಿಯಾಗತಕ್ಕದ್ದಲ್ಲ, ಸಂಬಳದ ಬೇರೆ ರಾಜಕೀಯ ಹುದ್ದೆಯನ್ನು ಹಿಡಿಯತಕ್ಕದ್ದಲ್ಲ, ಇನ್ನೊಂದು ಸದನದ ಮೂಲಕ ಬರತಕ್ಕದ್ದಲ್ಲ.' ಇದರಲ್ಲಿ 'ಮತದಾರರು' ಎಂಬ ಶಬ್ದ ಎರಡು ಸಲ ಬಂದಿದೆ. ಹಿರಿಯರು ಕೆಂಪು ಶಾಯಿಯಿಂದ ಏನು ಬರೆದು ಹಿಂದಿರುಗಿಸುತ್ತಾರೋ ನೋಡಬೇಕು.